ಗೆರೆ ತಪ್ಪಿದ ಅಂಟುಚೀಟಿಗಳು

ನಮ್ಮ ಶಾಲೆಯ ಕೈಕೆಲಸದ ವಿಭಾಗದಲ್ಲಿರುವ ಅಂಟುಚೀಟಿಯ ಯಂತ್ರದ ವಿಷಯವಾಗಿ ಹಳೆಯ ವಿದ್ಯಾರ್ಥಿನಿಯರ ಸಂಘದವರು ನನ್ನನ್ನು ಹಲವು ಸಾರಿ ವಿಚಾರಿಸಿರುತ್ತಾರೆ. ಹಣ ಕೊಟ್ಟವರು ವಿಚಾರಿಸುವುದು ನ್ಯಾಯವೇ. ಆ ಯಂತ್ರವು 2021ನೆಯ ಇಸವಿಯಲ್ಲಿ ಅವರು ಕೂಡಿಸಿ ಕೊಟ್ಟ ಹಣದಿಂದ ಕೊಳ್ಳಲ್ಪಟ್ಟದ್ದು. ಅದರ ಆದಾಯವು ಬೋರ್ಡಿಂಗಿನಲ್ಲಿರುವ ಬಡ ಹುಡುಗಿಯರ ಊಟದ ನಿಧಿಗೆ ಸಲ್ಲತಕ್ಕದ್ದೆಂದು ಆಗಲೇ ನಿಶ್ಚಯವಾಗಿತ್ತು. 2023ನೆಯ ಮಳೆಗಾಲದಲ್ಲಿ ಯಂತ್ರವು ಕೆಟ್ಟಿತೆಂಬ ಸುದ್ದಿ ಹಬ್ಬಿ, ಅದನ್ನು ಬಂದ ಬೆಲೆಗೆ ಮಾರಿಬಿಡಬೇಕೆಂಬ ಮಾತು ಸಹ ಹುಟ್ಟಿತು. ಯಂತ್ರವು ಕೆಟ್ಟಿರಲಿಲ್ಲ. ಆಗ ನಡೆದದ್ದೇನು, ಅದನ್ನು ಸರಿಪಡಿಸಿದ ಬಗೆ ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ನಮ್ಮಲ್ಲಿ ಕಲಿತು ಹೋದವರಲ್ಲಿ ಇಬ್ಬರು ಮೂವರು ಇದೇ ತರದ ಯಂತ್ರಗಳನ್ನಿಟ್ಟುಕೊಂಡು ಅಂಗಡಿ ನಡಿಸುತ್ತಾರೆಂದು ಕೇಳಿದ್ದೇನೆ. ಅವರಿಗೆ ಈ ಬರಹವು ಉಪಯೋಗಕ್ಕೆ ಬಂದರೂ ಬರಬಹುದು.

ಯಂತ್ರವನ್ನು ನೋಡದವರಿಗಾಗಿ ಎರಡು ಮಾತು. ವಿನೈಲ್ ಎಂಬ ತೆಳುವಾದ ಪ್ಲಾಸ್ಟಿಕ್ ಹಾಳೆಯ ಹಿಂದುಗಡೆ ಅಂಟು ಇರುತ್ತದೆ. ಅಂಟಿನ ಹಿಂದೆ ಮೇಣದಂತೆ ನುಣುಪಾದ ಒಂದು ಕಾಗದ. ಈ ಹಾಳೆಯು 60 ಸೆಂಟಿಮೀಟರ್ ಅಗಲದ ಸುರುಳಿಯಾಗಿ ಬರುತ್ತದೆ. ಯಂತ್ರವು ಮೊದಲು ಅದರ ಮೇಲೆ ಬಣ್ಣದ ಚಿತ್ರವನ್ನು ಅಚ್ಚುಹಾಕುತ್ತಾ ಹಾಳೆಯನ್ನು ಮುಂದಕ್ಕೆ ತಳ್ಳುತ್ತದೆ. ಅಚ್ಚು ಮುಗಿದ ತರುವಾಯ ಅದೇ ಹಾಳೆಯನ್ನು ಹಿಂದಕ್ಕೆಳೆದುಕೊಂಡು, ಸೂಜಿಯ ಮೊನೆಯಷ್ಟೇ ಇರುವ ಒಂದು ಅಲಗಿನಿಂದ ಪ್ರತಿ ಚೀಟಿಯ ಸುತ್ತಲೂ ಕತ್ತರಿಸುತ್ತದೆ. ಅಲಗು ವಿನೈಲನ್ನು ಕೊಯ್ಯಬೇಕು, ಹಿಂಬದಿಯ ಕಾಗದವನ್ನು ಕೊಯ್ಯಬಾರದು. ಆಗ ಚೀಟಿಗಳು ಒಂದೊಂದಾಗಿ ಸುಲಿದುಬರುತ್ತವೆ. ಯಂತ್ರಕ್ಕೆ ಚಿತ್ರವು ಕಾಣುವುದಿಲ್ಲವೆಂಬುದನ್ನು ಮಾತ್ರ ಓದುವವರು ನೆನಪಿನಲ್ಲಿಡಬೇಕು. ಇಂತಿಷ್ಟು ಮಿಲಿಮೀಟರ್ ಮುಂದೆ, ಇಂತಿಷ್ಟು ಮಿಲಿಮೀಟರ್ ಪಕ್ಕಕ್ಕೆ ಎಂಬ ಲೆಕ್ಕವನ್ನು ನಂಬಿ ಅದು ಕುರುಡರಂತೆ ಕೊಯ್ಯುತ್ತದೆ.

ಅಚ್ಚಿನ ಕೆಲಸದಲ್ಲಿ ಈ ತೊಂದರೆ ಹೊಸದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು 1841ರಲ್ಲಿ ಆರಂಭಿಸಿದ ಛಾಪಖಾನೆಯು ಮೊದಲು ಕಲ್ಲಚ್ಚಿನಿಂದ ಕೆಲಸ ಮಾಡಿತು. 1843ರಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ಅದು ಒಂದೇ ಬಣ್ಣದ್ದಾದುದರಿಂದ ಒಂದೇ ಕಲ್ಲು ಸಾಕಾಗಿತ್ತು. ಆದರೆ 1894ರಲ್ಲಿ ಮುಂಬಯಿಯಲ್ಲಿ ತನ್ನ ಛಾಪಖಾನೆಯನ್ನು ತೆರೆದ ರಾಜಾ ರವಿವರ್ಮನ ಬಣ್ಣದ ಪಟಗಳಿಗೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕಾಗುತ್ತಿತ್ತು. ಒಂದೇ ಕಾಗದವು ಕಲ್ಲಿನಿಂದ ಕಲ್ಲಿಗೆ ಹೋಗುವಾಗ ಕೂದಲೆಳೆಯಷ್ಟು ಸರಿದರೂ ಸರಸ್ವತಿಯ ಸೀರೆಯ ಅಂಚು ಸೀರೆಯಿಂದ ಹೊರಗೆ ಬಿದ್ದುಬಿಡುವುದು. ಇದನ್ನು ತಪ್ಪಿಸುವುದಕ್ಕಾಗಿ ಅಚ್ಚಿನವರು ಕಾಗದದ ಅಂಚುಗಳಲ್ಲಿ ಶಿಲುಬೆಯಾಕಾರದ ಸಣ್ಣ ಗುರುತುಗಳನ್ನಿಟ್ಟು, ಪ್ರತಿ ಬಣ್ಣಕ್ಕೂ ಗುರುತಿನ ಮೇಲೆ ಗುರುತನ್ನು ಕೂಡಿಸುತ್ತಿದ್ದರು. ಅಚ್ಚುಕೂಟದವರು ಇದನ್ನೇ ರಿಜಿಸ್ಟರ್ ಕೂಡಿಸುವುದೆಂದು ಹೇಳುತ್ತಾರೆ. ನಮ್ಮ ಯಂತ್ರದಲ್ಲಿ ಎರಡನೆಯ ಕಲ್ಲಿನ ಸ್ಥಾನದಲ್ಲಿ ಅಲಗು ಇದೆ, ಮಿಕ್ಕದ್ದೆಲ್ಲಾ ಅದೇ.

ಇನ್ನು ನಡೆದ ಸಂಗತಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಾಡಿ ಮಾರುವ ಒಂದು ಸ್ತ್ರೀಯರ ಸಂಘವು ಆ ವರ್ಷದ ಆಗಸ್ಟಿನಲ್ಲಿ ನಮಗೆ ಆರು ಸಾವಿರ ಚೀಟಿಗಳ ಕೆಲಸವನ್ನು ಕೊಟ್ಟಿತು. ನಮಗೆ ಅದು ದೊಡ್ಡ ಕೆಲಸ. ಅದರಿಂದ ಬರತಕ್ಕ ಹಣವನ್ನು ಏಳು ಮಂದಿ ಹುಡುಗಿಯರ ಬೋರ್ಡಿಂಗಿನ ಬಾಕಿಗೆ ಎಂದು ಮೊದಲೇ ಎಣಿಸಿಟ್ಟಿದ್ದೆವು. ಒಂದು ಮೀಟರ್ ಉದ್ದದ ಪ್ರತಿ ಹಾಳೆಯಲ್ಲಿ ಇಪ್ಪತ್ತು ಸಾಲು, ಸಾಲಿಗೆ ಐದು ಚೀಟಿ. ಪ್ರತಿ ಚೀಟಿಯ ಅಂಚಿನಿಂದ ಒಂದೂವರೆ ಮಿಲಿಮೀಟರ್ ಒಳಗೆ ಕೆಂಪು ಗೆರೆಯ ಒಂದು ಚೌಕಟ್ಟು. ಮೊದಲನೆಯ ಸಾಲಿನಲ್ಲಿ ಚೌಕಟ್ಟು ನಾಲ್ಕು ಕಡೆಗೂ ಸಮವಾಗಿ ಕಾಣುತ್ತಿತ್ತು. ಹತ್ತನೆಯ ಸಾಲಿಗೆ ಬರುವಷ್ಟರಲ್ಲಿ ಅದು ಒಂದು ಪಕ್ಕಕ್ಕೆ ಒತ್ತಿಕೊಂಡಿತ್ತು. ಕಡೆಯ ಸಾಲುಗಳಲ್ಲಿ ಅಲಗು ಚೌಕಟ್ಟಿನ ಗೆರೆಯನ್ನೇ ಕೊಯ್ದುಹಾಕಿತ್ತು. ಹನ್ನೊಂದು ಹಾಳೆಗಳು ಹೀಗೆ ಕೆಟ್ಟವು.

ದುರಸ್ತಿಗೆಂದು ಬಂದ ತಂತ್ರಜ್ಞರು ಅರ್ಧ ಗಂಟೆ ನೋಡಿ, ಒಳಗಿನ ವಿದ್ಯುತ್ ಹಲಗೆಯನ್ನು ಬದಲಾಯಿಸಬೇಕೆಂದು ಹೇಳಿ, ನಾವು ಕೊಡಲಾರದ ಒಂದು ಮೊತ್ತವನ್ನು ಬರೆದುಕೊಟ್ಟು ಹೋದರು. ಶಾಲಾ ಸಮಿತಿಯಲ್ಲಿ ಕೆಲವರಿಗೆ ಬೇರೆ ಅಭಿಪ್ರಾಯವಿತ್ತು. ಯಂತ್ರವನ್ನು ನಡಿಸುವವರು ನಮ್ಮಲ್ಲಿಯೇ ಓದಿದ ಒಬ್ಬ ಸ್ತ್ರೀ; ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ಈ ಸಂಬಳದಿಂದ ಸಾಕುವವರು. ಹುಡುಗಿಯರೆಲ್ಲರಿಗೂ ಅವರು ಅಕ್ಕ. ಹಾಳೆಯನ್ನು ಸೊಟ್ಟವಾಗಿ ಹಾಕಿ, ಗಮನವಿಲ್ಲದೆ ಯಂತ್ರವನ್ನು ಬಿಡುತ್ತಾರೆ, ಅವರ ಕೈಯಲ್ಲಿ ಅಚ್ಚುಕಟ್ಟಿಲ್ಲ, ಬೇರೆಯವರನ್ನು ನೋಡುವುದು ಒಳ್ಳೇದು ಎಂಬುದಾಗಿ ಒಬ್ಬರು ಹೇಳಲು ಇನ್ನಿಬ್ಬರು ತಲೆದೂಗಿದರು. ಅಳೆದು ನೋಡದೆ ಯಾರ ಮೇಲೂ ದೋಷವನ್ನು ಹೊರಿಸಲಾಗದೆಂದು ಹೇಳಿ ನಾನು ಹದಿನೈದು ದಿವಸಗಳ ಅವಧಿಯನ್ನು ಕೇಳಿಕೊಂಡೆನು.

ಅಳೆಯುವ ಕೆಲಸವು ಹತ್ತನೆಯ ತರಗತಿಯ ಹುಡುಗಿಯರಿಗೆ ಒಪ್ಪಿಸಲ್ಪಟ್ಟಿತು. ಭೌತಶಾಸ್ತ್ರದ ಪ್ರಯೋಗಶಾಲೆಯಿಂದ ಉಕ್ಕಿನ ಅಳತೆಪಟ್ಟಿಯನ್ನೂ ಭೂತಗನ್ನಡಿಯನ್ನೂ ತರಿಸಿ, ಕೆಟ್ಟ ಹಾಳೆಗಳಲ್ಲಿ ಚೌಕಟ್ಟಿಗೂ ಕೊಯ್ತಕ್ಕೂ ಇರುವ ಅಂತರವನ್ನು ಸಾಲು ಸಾಲಾಗಿ ಬರೆಯಿಸಿದೆವು. ಐದನೆಯ ಸಾಲಿನಲ್ಲಿ ಅರ್ಧ ಮಿಲಿಮೀಟರ್, ಹತ್ತನೆಯದರಲ್ಲಿ ಒಂದು, ಹದಿನೈದನೆಯದರಲ್ಲಿ ಒಂದೂವರೆ, ಇಪ್ಪತ್ತನೆಯದರಲ್ಲಿ ಎರಡು. ಹನ್ನೊಂದು ಹಾಳೆಗಳಲ್ಲಿಯೂ ಹೆಚ್ಚುಕಡಮೆ ಇದೇ. ಲೆಕ್ಕವನ್ನು ನಕ್ಷೆಯ ಕಾಗದದ ಮೇಲೆ ಗುರುತಿಸುತ್ತಿದ್ದ ಒಬ್ಬ ಹುಡುಗಿ ತಲೆಯೆತ್ತಿ, “ಟೀಚರೇ, ಅಕ್ಕನ ಕೈ ತಪ್ಪಿದ್ದಾದರೆ ಒಂದು ಹಾಳೆ ಒಂದು ಬಗೆ, ಇನ್ನೊಂದು ಹಾಳೆ ಇನ್ನೊಂದು ಬಗೆ ತಪ್ಪಬೇಕಷ್ಟೆ? ಇದು ಅಳೆದು ತಪ್ಪಿದ ಹಾಗೆ ಇದೆಯಲ್ಲಾ” ಅಂದಳು. ಬಹಳ ವರ್ಷಗಳಿಂದ ನಾನು ಗಣಿತವನ್ನು ಕಲಿಸುತ್ತಾ ಬಂದಿದ್ದೇನೆ. ಸರಳರೇಖೆಯ ನಕ್ಷೆಯೊಂದು ಒಬ್ಬರ ಉದ್ಯೋಗವನ್ನು ಉಳಿಸಿದ್ದನ್ನು ಆ ದಿನವೇ ಕಂಡದ್ದು.

ಅಜಾಗ್ರತೆಯಿಂದಾದ ತಪ್ಪಿಗೆ ಕ್ರಮವಿರುವುದಿಲ್ಲ. ದೂರ ಹೆಚ್ಚಿದ ಹಾಗೆಲ್ಲಾ ಅದೇ ಪ್ರಮಾಣದಲ್ಲಿ ಹೆಚ್ಚುವ ತಪ್ಪಿಗೆ ಕಾರಣವು ಒಂದೇ: ಎರಡು ಅಳತೆಗೋಲುಗಳು ಒಂದಕ್ಕೊಂದು ಕೂಡುತ್ತಿಲ್ಲ. ಅಚ್ಚಿನ ಮೀಟರು ಬೇರೆ, ಅಲಗಿನ ಮೀಟರು ಬೇರೆಯಾಗಿದೆ. ಇವೆರಡರಲ್ಲಿ ಯಾವುದು ಸುಳ್ಳೆಂದು ತಿಳಿಯುವುದಕ್ಕೆ ಎರಡನ್ನೂ ಪ್ರತ್ಯೇಕಿಸಬೇಕು. ಏನನ್ನೂ ಅಚ್ಚುಹಾಕದ ಬರಿಯ ವಿನೈಲಿನಲ್ಲಿ, ಒಂದಕ್ಕೊಂದು 1000 ಮಿಲಿಮೀಟರ್ ದೂರದಲ್ಲಿ ಎರಡು ಗೆರೆಗಳನ್ನು ಕೊಯ್ಯಿಸಿ ಅಳೆದೆವು. ಸರಿಯಾಗಿ 1000 ಇತ್ತು. ಆ ಮೇಲೆ ಅದೇ ದೂರದಲ್ಲಿ ಎರಡು ಗೆರೆಗಳನ್ನು ಅಚ್ಚುಹಾಕಿಸಿ, ಹಾಳೆಯನ್ನು ಆರಗೊಟ್ಟು ಅಳೆದೆವು. 998 ಬಂತು. ಆದುದರಿಂದ ಅಲಗು ನಿರಪರಾಧಿ. ಅಚ್ಚಾದ ಹಾಳೆಯೇ ಎರಡು ಮಿಲಿಮೀಟರ್ ಗಿಡ್ಡವಾಗಿತ್ತು.

ಗಿಡ್ಡವಾದದ್ದೇಕೆ? ಈ ಯಂತ್ರಗಳಲ್ಲಿ ಶಾಯಿಯು ವಿನೈಲಿಗೆ ಹಿಡಿಯುವುದಕ್ಕಾಗಿಯೂ ಬೇಗ ಒಣಗುವುದಕ್ಕಾಗಿಯೂ ಹಾಳೆಯ ಕೆಳಗೆ ಕಾವು ಕೊಡುವ ತಟ್ಟೆಗಳಿರುತ್ತವೆ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಶಾಯಿ ಬೇಗ ಒಣಗುವುದಿಲ್ಲವೆಂಬ ಕಾರಣದಿಂದ, ಮೇಲೆ ಹೇಳಿದ ತಂತ್ರಜ್ಞರೇ ಒಂದು ಸಾರಿ ಬಂದು ಕಾವನ್ನು ಹೆಚ್ಚಿಸಿ ಹೋಗಿದ್ದರು. ವಿನೈಲಿನಲ್ಲಿಯೂ ಎರಡು ಜಾತಿ. ಒಂದು, ದ್ರವವಾಗಿ ಹುಯ್ದು ಒಣಗಿಸಿದ್ದು. ಅದು ಬೆಲೆಯುಳ್ಳದ್ದು, ಹೆಚ್ಚು ಕುಗ್ಗುವುದಿಲ್ಲ. ಇನ್ನೊಂದು, ಚಪಾತಿಯ ಹಿಟ್ಟನ್ನು ಲಟ್ಟಿಸುವ ಹಾಗೆ ಬಿಸಿ ರೋಲರುಗಳ ನಡುವೆ ಎಳೆದು ತೆಳುವಾಗಿಸಿದ್ದು. ಅಗ್ಗವಾದದ್ದು, ನಾವು ಕೊಳ್ಳುವಂಥದ್ದು. ಎಳೆಯುವಾಗ ಅದರೊಳಗೆ ನಿಂತ ಬಿಗುವು ಕಾವು ತಗಲಿದಾಗ ಸಡಿಲಿ, ಹಾಳೆಯು ಎಳೆದ ದಿಕ್ಕಿನಲ್ಲಿಯೇ ಹಿಂದಕ್ಕೆ ಕುಗ್ಗುತ್ತದೆ. ಶಾಯಿಯಲ್ಲಿರುವ ದ್ರಾವಕವೂ ಹಾಳೆಯನ್ನು ಮೆತ್ತಗೆ ಮಾಡಿ ಇದಕ್ಕೆ ಸಹಾಯಮಾಡುತ್ತದೆ. ಕಾರಣವು ಇದೇ ಹೌದೋ ಎಂದು ನೋಡುವುದಕ್ಕಾಗಿ ಕಾವನ್ನು ಹಿಂದಿನ ಅಳತೆಗೆ, ಅಂದರೆ ಸುಮಾರು 40 ಡಿಗ್ರಿಗೆ ಇಳಿಸಿ ಅದೇ ಗೆರೆಗಳನ್ನು ಮತ್ತೆ ಅಚ್ಚುಹಾಕಿಸಿದೆವು. ಈ ಸಾರಿ 999 ದಾಟಿ ಅರ್ಧ ಬಂತು. ವಿದ್ಯುತ್ ಹಲಗೆಯ ಮಾತು ಅಲ್ಲಿಗೆ ಮುಗಿಯಿತು. ಕಾವು ಕಡಮೆಯಾದ ಮೇಲೆ ಶಾಯಿ ಒಣಗುವುದಕ್ಕೆ ಸಮಯ ಬೇಕಲ್ಲವೇ? ಅದಕ್ಕಾಗಿ ಅಚ್ಚಿನ ವೇಗವನ್ನು ತಗ್ಗಿಸಿದೆವು. ಒಂದು ಹಾಳೆಗೆ ಹಿಡಿಯುತ್ತಿದ್ದ ಹೊತ್ತು ಹೆಚ್ಚುಕಡಮೆ ಇಮ್ಮಡಿಯಾಯಿತು, ಆಗಲಿ.

ಮಿಕ್ಕ ಅರ್ಧ ಮಿಲಿಮೀಟರಿಗೆ ಗುರುತುಗಳೇ ಮದ್ದು. ಹಾಳೆಯ ಮೂಲೆಗಳಲ್ಲಿ ಕಪ್ಪು ಗುರುತುಗಳನ್ನು ಅಚ್ಚುಹಾಕಿಸಿದರೆ, ಅಲಗಿನ ಪಕ್ಕದಲ್ಲಿರುವ ಸೆನ್ಸರ್ ಎಂಬ ಕಣ್ಣು ಬೆಳಕನ್ನು ಬಿಟ್ಟು, ಬೆಳಕು ಹಿಂತಿರುಗದ ಕಪ್ಪು ಸ್ಥಳವನ್ನು ಹುಡುಕಿ, ಚಿತ್ರವು ನಿಜವಾಗಿ ಎಲ್ಲಿದೆಯೆಂದು ತಿಳಿದುಕೊಳ್ಳುತ್ತದೆ. ಗುರುತುಗಳಿಗೆ ಸ್ಥಳ ಬೇಕು, ವಿನೈಲು ದಂಡವಾಗುತ್ತದೆಂಬ ಮಿತವ್ಯಯದಿಂದ ಅದುವರೆಗೆ ಅವುಗಳಿಲ್ಲದೆಯೇ ಕೆಲಸ ನಡೆಯುತ್ತಿತ್ತು. ಇಂಥ ಮಿತವ್ಯಯದಿಂದ ಏನು ಉಳಿಯಿತೆಂಬುದಕ್ಕೆ ಹನ್ನೊಂದು ಹಾಳೆಗಳು ಸಾಕ್ಷಿ. ಗುರುತುಗಳು ಎಷ್ಟಿರಬೇಕೆಂಬುದನ್ನು ಹುಡುಗಿಯರು ರೇಖಾಗಣಿತದ ಪಾಠವಾಗಿಯೇ ಕಲಿತರು. ಒಂದೇ ಗುರುತಿದ್ದರೆ ಚಿತ್ರವು ಎಲ್ಲಿ ಆರಂಭವಾಗುತ್ತದೆಂಬುದು ಮಾತ್ರ ತಿಳಿಯುವುದು. ಎರಡಿದ್ದರೆ ಅದು ಎಷ್ಟು ಓರೆಯಾಗಿದೆಯೆಂಬುದೂ ಆ ಒಂದು ಕಡೆಯಲ್ಲಿ ಎಷ್ಟು ಹಿಗ್ಗಿದೆ ಅಥವಾ ಕುಗ್ಗಿದೆಯೆಂಬುದೂ ತಿಳಿಯುವುವು. ಮೂರನೆಯದು ಇನ್ನೊಂದು ಕಡೆಯ ಅಳತೆಯನ್ನು ತಿಳಿಸುತ್ತದೆ. ನಾಲ್ಕನೆಯದು, ಆಯತವು ಆಯತವಾಗಿಯೇ ಉಳಿದಿದೆಯೋ ಇಲ್ಲವೋ ಎಂಬುದನ್ನು ಹೇಳುತ್ತದೆ. ನಾವು ನಾಲ್ಕನ್ನೂ ಇಟ್ಟೆವು. ಮೀಟರ್ ಉದ್ದದ ಹಾಳೆಯನ್ನು ಒಂದೇ ಕೆಲಸವಾಗಿ ಬಿಡದೆ, ಐದೈದು ಸಾಲುಗಳ ನಾಲ್ಕು ಭಾಗಗಳಾಗಿ ಮಾಡಿ ಪ್ರತಿ ಭಾಗಕ್ಕೂ ಬೇರೆ ಬೇರೆ ಗುರುತುಗಳನ್ನಿಟ್ಟದ್ದರಿಂದ, ತಪ್ಪು ಕೂಡುತ್ತಾ ಹೋಗುವುದಕ್ಕೆ ಸ್ಥಳವೇ ಉಳಿಯಲಿಲ್ಲ. ಆಮೋಸನ ನೂಲುಗುಂಡಿನ ದರ್ಶನವನ್ನು ಆ ವಾರದ ಬೈಬಲ್ ಪಾಠಕ್ಕೆ ನಮ್ಮ ಉಪಾಧ್ಯಾಯಿನಿಯವರೊಬ್ಬರು ಆರಿಸಿಕೊಂಡದ್ದು ಬರಿಯ ಅಕಸ್ಮಾತ್ತಲ್ಲವೆಂದು ನನಗೆ ಅನುಮಾನ.

ಹೀಗಿರಲಾಗಿ ಸ್ತ್ರೀಯರ ಸಂಘದವರು, ಎಣ್ಣೆಯ ಕೈ ತಾಕಿದರೆ ಬಣ್ಣ ಹೋದೀತು, ಚೀಟಿಗಳ ಮೇಲೆ ಲ್ಯಾಮಿನೇಶನ್ ಇರಲಿ ಎಂದು ಕೇಳಿದರು. ಕೇಳಿದ್ದು ನ್ಯಾಯವಾದದ್ದೇ. ಅಚ್ಚಾದ ಹಾಳೆಯನ್ನು ಯಂತ್ರದಿಂದ ಹೊರಕ್ಕೆ ತೆಗೆದು, ದ್ರಾವಕವು ಆರಿಹೋಗುವಂತೆ ಒಂದು ಹಗಲು ಒಂದು ರಾತ್ರಿ ಹರಡಿಟ್ಟು, ಹೊಳಪಿನ ಲ್ಯಾಮಿನೇಶನ್ ಹಚ್ಚಿ ತಿರಿಗಿ ಯಂತ್ರಕ್ಕೆ ಹಾಕಿದರೆ, ಗುರುತು ಸಿಕ್ಕಲಿಲ್ಲವೆಂದು ಯಂತ್ರವು ನಿಂತುಬಿಟ್ಟಿತು! ಗುರುತುಗಳು ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುತ್ತಿದ್ದವು. ಆದರೆ ಹೊಳಪಿನ ಪೊರೆಯು ಕಪ್ಪಿನ ಮೇಲೆ ಬಿದ್ದ ಬೆಳಕನ್ನೂ ಕನ್ನಡಿಯಂತೆ ಹಿಂದಕ್ಕೆ ಕಳುಹಿಸುತ್ತಿದ್ದದರಿಂದ ಸೆನ್ಸರಿಗೆ ಕಪ್ಪೂ ಬಿಳುಪೂ ಒಂದೇ ಆಯಿತು. ಆಗಲೇ ಲ್ಯಾಮಿನೇಶನ್ ಆಗಿದ್ದ ಹಾಳೆಗಳಲ್ಲಿ ಗುರುತುಗಳ ಮೇಲೆ ಹೊಳಪಿಲ್ಲದ ಪಾರದರ್ಶಕ ಟೇಪಿನ ಚೂರುಗಳನ್ನು ಅಂಟಿಸಿದ್ದರಿಂದ ಅವು ಓದಲ್ಪಟ್ಟವು. ಮುಂದಿನ ಹಾಳೆಗಳಿಗೆ ಅಕ್ಕನವರೇ ಇನ್ನೂ ಸುಲಭವಾದ ಉಪಾಯವನ್ನು ಕಂಡುಹಿಡಿದರು. ಗುರುತುಗಳು ಇರುವುದು ಹಾಳೆಯ ಎರಡು ಅಂಚುಗಳಲ್ಲಿ ತಾನೇ? ಲ್ಯಾಮಿನೇಶನ್ ಸುರುಳಿಯ ಅಗಲವನ್ನೇ ಕಡಮೆ ಮಾಡಿಕೊಂಡರೆ ಚೀಟಿಗಳು ಮುಚ್ಚುವುವು, ಗುರುತುಗಳು ಬರಿದಾಗಿ ಉಳಿಯುವುವು. ಅಚ್ಚುಕಟ್ಟಿಲ್ಲದ ಕೈ ಎಂದು ಹೇಳಲ್ಪಟ್ಟವರ ಉಪಾಯವಿದು.

ಯಂತ್ರವನ್ನಿಟ್ಟುಕೊಂಡವರಿಗಾಗಿ, ನಾವು ಕಂಡ ಬೇರೆ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಎಲ್ಲಾ ಚೀಟಿಗಳಲ್ಲಿಯೂ ಒಂದೇ ಅಳತೆಯಷ್ಟು ಒಂದೇ ಕಡೆಗೆ ತಪ್ಪಿದ್ದರೆ, ಅಲಗಿಗೂ ಅಚ್ಚಿನ ತಲೆಗೂ ಇರುವ ದೂರದ ಲೆಕ್ಕವು ಯಂತ್ರಕ್ಕೆ ತಪ್ಪಾಗಿ ತಿಳಿದಿದೆಯೆಂದು ಅರ್ಥ. ಶಿಲುಬೆಯಾಕಾರದ ಒಂದು ಗುರುತನ್ನು ಅಚ್ಚುಹಾಕಿಸಿ, ಅದರ ಮೇಲೆಯೇ ಅದೇ ಆಕಾರವನ್ನು ಕೊಯ್ಯಿಸಿ, ಎರಡಕ್ಕೂ ಇರುವ ಅಂತರವನ್ನು ಭೂತಗನ್ನಡಿಯಿಂದ ನೋಡಿ, ಉದ್ದಕ್ಕೆ ಒಂದು ಅಂಕಿ, ಅಡ್ಡಕ್ಕೆ ಒಂದು ಅಂಕಿಯನ್ನು ಯಂತ್ರಕ್ಕೆ ತಿಳಿಸಿದರೆ ಸಾಕು. ಅಲಗಿನ ಹಿಡಿಯನ್ನು ಬಿಚ್ಚಿ ಹಾಕಿದಾಗಲೆಲ್ಲಾ ಇದನ್ನು ನೋಡತಕ್ಕದ್ದು. ತಪ್ಪು ಹಾಳೆಯುದ್ದಕ್ಕೂ ಪಕ್ಕಕ್ಕೆ ಸರಿಯುತ್ತಾ ಹೋದರೆ ಹಾಳೆಯು ಸೊಟ್ಟವಾಗಿ ಕೂತಿದೆ. ಕೆಲಸ ಆರಂಭಿಸುವುದಕ್ಕೆ ಮುಂಚೆ ಒಂದು ಮೀಟರ್ ಮುಂದಕ್ಕೂ ಹಿಂದಕ್ಕೂ ಓಡಿಸಿ ಅಂಚು ಅಲುಗದೆ ಬರುತ್ತದೋ ನೋಡಬೇಕು. ಚೌಕದ ಮೂಲೆಗಳು ಗುಂಡಗಾದರೆ, ವೃತ್ತದ ಆರಂಭವೂ ಕೊನೆಯೂ ಕೂಡದೆ ಹೋದರೆ, ಅದು ಅಲಗಿನ ದೋಷ. ಅಲಗು ತಿರುಗುವ ಅಚ್ಚಿಗೂ ಅದರ ಮೊನೆಗೂ ನಡುವೆ ಸಾಧಾರಣವಾಗಿ 0.25 ಮಿಲಿಮೀಟರ್ ಅಂತರವಿರುವುದು. ಆ ಅಂಕಿಯು ಯಂತ್ರದಲ್ಲಿ ಸರಿಯಾಗಿದ್ದೂ ಮೂಲೆ ಕೂಡದಿದ್ದರೆ ಅಲಗು ಸವೆದಿದೆ, ಬದಲಾಯಿಸಿರಿ. ಒಂದು ಗೆರೆ ಎರಡಾಗಿ ಅಚ್ಚಾದರೆ ಅಚ್ಚಿನ ತಲೆಯು ಹೋಗುವಾಗ ಒಂದು ಕಡೆ, ಬರುವಾಗ ಒಂದು ಕಡೆ ಶಾಯಿ ಬಿಡುತ್ತಿದೆ. ಮೊದಲು ಅದನ್ನು ಸರಿಪಡಿಸದೆ ಕೊಯ್ತದ ವಿಚಾರಕ್ಕೆ ಹೋಗಬಾರದು. ಯಾಕಂದರೆ ಗುರುತುಗಳೇ ಮಬ್ಬಾಗಿದ್ದರೆ ಕಣ್ಣು ಏನನ್ನು ನೋಡೀತು?

ಯಾವ ಕ್ರಮಕ್ಕೂ ಸಿಕ್ಕದ, ಒಮ್ಮೆ ಇದ್ದು ಒಮ್ಮೆ ಇಲ್ಲದ ತಪ್ಪು ಮಾತ್ರ ನಿಜವಾಗಿ ಕಷ್ಟದ್ದು. ಹಾಳೆಯನ್ನು ಮೇಲಿನಿಂದ ಒತ್ತಿಹಿಡಿಯುವ ರಬ್ಬರಿನ ಗಾಲಿಗಳಿಗೆ ಪಿಂಚ್ ರೋಲರ್ ಎಂದು ಹೆಸರು; ಕೆಳಗಿನ ಒರಟಾದ ಲೋಹದ ರೋಲರಿನ ಮೇಲೆಯೇ ಅವು ಕೂತಿರಬೇಕು. ಅಂಟೂ ಧೂಳೂ ಮೆತ್ತಿಕೊಂಡರೆ ಹಾಳೆಯು ಜಾರುತ್ತದೆ. ತೂಕವಾದ ಸುರುಳಿಯನ್ನು ಯಂತ್ರವು ಜಗ್ಗಿ ಎಳೆಯಬೇಕಾಗಿ ಬಂದರೂ ಜಾರುತ್ತದೆ. ಬೇಕಾದಷ್ಟು ಹಾಳೆಯನ್ನು ಮೊದಲೇ ಸಡಿಲಾಗಿ ಬಿಚ್ಚಿಡಬೇಕು. ನಮ್ಮ ಕರಾವಳಿಯಲ್ಲಿ ಇನ್ನೊಂದು ಸಂಕಟವುಂಟು. ಆಟಿ ತಿಂಗಳ ತೇವವನ್ನು ವಿನೈಲು ಕುಡಿಯುವುದಿಲ್ಲ, ಹಿಂಬದಿಯ ಕಾಗದವು ಕುಡಿಯುತ್ತದೆ. ಒಂದು ಪದರ ಉಬ್ಬಿ ಇನ್ನೊಂದು ಪದರ ಉಬ್ಬದೆ ಇರುವುದರಿಂದ ಹಾಳೆಯ ಅಂಚು ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಸುರುಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟು, ಕೆಲಸದ ಹಿಂದಿನ ದಿನ ಯಂತ್ರದ ಕೋಣೆಗೆ ತಂದಿಡುವುದು ಈಗ ನಮ್ಮಲ್ಲಿ ನಿಯಮವಾಗಿದೆ.

ಚೀಟಿಯ ಚಿತ್ರವನ್ನು ಬರೆಯುವವರ ಸಂಗಡ ನನಗೊಂದು ಜಗಳವಿದೆ. ಅಂಚಿಗೆ ಅಂಟಿಕೊಂಡಂತೆ ತೆಳುವಾದ ಚೌಕಟ್ಟನ್ನು ಹಾಕುವುದು ನೋಟಕ್ಕೆ ಚೆನ್ನಾದೀತು. ಆದರೆ ಅರ್ಧ ಮಿಲಿಮೀಟರಿನ ತಪ್ಪನ್ನೂ ಅದು ಊರಿಗೆಲ್ಲಾ ಸಾರುತ್ತದೆ. ಹಿನ್ನೆಲೆಯ ಬಣ್ಣವನ್ನು ಕೊಯ್ಯುವ ಗೆರೆಯಿಂದ ಎರಡು ಮಿಲಿಮೀಟರ್ ಹೊರಕ್ಕೆ ಚಾಚಿ, ಅಕ್ಷರಗಳನ್ನೂ ಗೆರೆಗಳನ್ನೂ ಸಾಕಷ್ಟು ಒಳಗಿಟ್ಟರೆ ಸ್ವಲ್ಪ ತಪ್ಪಿದರೂ ಯಾರಿಗೂ ಕಾಣದು. ಕೆಂಪು ಚೌಕಟ್ಟನ್ನು ಒಳಕ್ಕೆ ಸರಿಸೋಣವೆಂದು ಸಂಘದ ಹೆಂಗಸರನ್ನು ಕೇಳಿಕೊಂಡೆವು; ಅವರು ಒಪ್ಪಲಿಲ್ಲ. ಚೌಕಟ್ಟು ಹಾಗೆಯೇ ಇದೆ.

ಹದಿನಾಲ್ಕನೆಯ ದಿವಸ ಸಮಿತಿಯು ಸೇರಿದಾಗ ನಾನು ಹೆಚ್ಚು ಮಾತಾಡಲಿಲ್ಲ. ನಕ್ಷೆಯ ಕಾಗದವನ್ನೂ, 998 ಬಂದ ಹಾಳೆಯನ್ನೂ, ಹೊಸದಾಗಿ ಕೊಯ್ದ ಹಾಳೆಯನ್ನೂ, ಉಕ್ಕಿನ ಅಳತೆಪಟ್ಟಿಯನ್ನೂ ಮೇಜಿನ ಮೇಲಿರಿಸಿ, ಆ ಹುಡುಗಿಯನ್ನು ಕರೆದು ವಿವರಿಸುವಂತೆ ಹೇಳಿದೆನು. ಅವಳು ನಡುಗುವ ಧ್ವನಿಯಲ್ಲಿ ಆರಂಭಿಸಿ, ಮೂರನೆಯ ವಾಕ್ಯಕ್ಕೆ ಧೈರ್ಯಗೊಂಡಳು. ಬೇರೆಯವರನ್ನು ನೋಡುವುದು ಒಳ್ಳೇದೆಂದು ಹೇಳಿದ್ದ ಸದಸ್ಯರು ಕನ್ನಡಕವನ್ನು ಹಾಕಿಕೊಂಡು ಇಪ್ಪತ್ತು ಸಾಲುಗಳನ್ನೂ ತಾವೇ ಅಳೆದರು. ಅಳೆದಾದ ಮೇಲೆ ಎದ್ದು ಯಂತ್ರದ ಕೋಣೆಗೆ ಹೋಗಿ ಅಕ್ಕನವರನ್ನು ಕಂಡು ಮಾತಾಡಿ ಬಂದರು. ಏನು ಮಾತಾಡಿದರೆಂದು ನಾನು ಯಾರನ್ನೂ ಕೇಳಿಲ್ಲ.

ಆರು ಸಾವಿರ ಚೀಟಿಗಳು ದೀಪಾವಳಿಗೆ ಮೊದಲೇ ಸಂಘಕ್ಕೆ ಮುಟ್ಟಿದವು. ಏಳು ಹುಡುಗಿಯರ ಬಾಕಿಯು ತೀರಿತು. ಅವರಲ್ಲಿ ನಾಲ್ವರು 2024ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿಕೊಂಡು ಹೋದರು. ಅಕ್ಕನವರು ಈಗ ಪ್ರತಿ ಸೋಮವಾರ ಕೆಲಸ ಆರಂಭಿಸುವುದಕ್ಕೆ ಮುಂಚೆ ಮೀಟರಿನ ಗೆರೆಗಳನ್ನೂ ಶಿಲುಬೆಯ ಗುರುತನ್ನೂ ಒಂದು ತುಂಡು ವಿನೈಲಿನ ಮೇಲೆ ತೆಗೆದು, ಅಳತೆಯನ್ನೂ ಕಾವಿನ ಡಿಗ್ರಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಸಂಘದವರಲ್ಲಿ ಯಾರಾದರೂ ಶಾಲೆಗೆ ಬಂದರೆ ಆ ಪುಸ್ತಕವನ್ನು ಕೇಳಿ ನೋಡಬಹುದು; ಅದು ಯಂತ್ರದ ಎಡಗಡೆಯ ಕಿಟಕಿಯ ಮೇಲೆ, ಭೂತಗನ್ನಡಿಯ ಸಂಗಡ ಇರುತ್ತದೆ.